ಕೊರಳಲ್ಲಿನ ಪಕ್ಕಡ

ಕಿಣಿ ಅನ್ನುತ್ತದೆ ತಂತಿ ಕತ್ತರಿಸುವ ಈ ಪಕ್ಕಡ, ತಾಳಿಗೆ ಬಡಿದಾಗೊಮ್ಮೆ ಕಿಣಿ, ಬಗ್ಗಿ ಅಂಗಳ ಸಾರಿಸಿದರೂ, ಹೊಳೆಯಿಂದ ಕೊಡ ಹೊತ್ತು ಬಂದರೂ, ಮಿರಜಿಯ ಡಾಕ್ಟರು ತಾವೇ ದಾರಕ್ಕೆ ಪೋಣಿಸಿ ಕೊಟ್ಟದ್ದು — ಶೇವಂತಾಬಾಯಿ, ನಿಮ್ಮ ಯಜಮಾನರ ದವಡಿ ಕೊರದು ಮುಂದ ಸರಿಸೇವಿ, ಎಲುಬು ಕೂಡೂತನಕ ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ತಂತೀಲೆ ಬಿಗದೇವಿ, ವಾಂತಿ ಬಂದ್ರ ಉಸಿರು ಕಟ್ತೈತಿ, ತಡ ಮಾಡಬ್ಯಾಡ್ರಿ, ತಂತಿ ಕತ್ತರಸ್ರಿ — ರಿ ಅಂದರು, ಈ ಮನೆಯಲ್ಲಿ ನನಗೆ ಯಾರು ರಿ ಅಂದಿದ್ದಾರೆ, ಗಂಡ ಧೂಳಪ್ಪ ಅಂದದ್ದು ಲೇ, ಅತ್ತೆ ಹೊಳೆವ್ವ ಅಂದದ್ದು ಕೊಲೆಗಡಕಿ. ಮೊದಲೆಲ್ಲ ಗಂಡ ರಾತ್ರಿ ಗೊರಕೆ ಹೊಡೆಯುತ್ತ ಹೊಡೆಯುತ್ತ ಗಪ್ಪನೆ ನಿಲ್ಲುತ್ತಿದ್ದ, ಎದೆ ಏಳುತ್ತಿತ್ತು, ಉಸಿರು ಬರುತ್ತಿರಲಿಲ್ಲ, ನಾನು ಮನಸ್ಸಿನಲ್ಲೇ ಅಪ್ಪನ ಪದ ಹಿಡಿಯುತ್ತಿದ್ದೆ, ಏಕಾದಶಿಗೆ ಅಪ್ಪ ಹಾಡುವಾಗ ಕಂಬಕ್ಕೊರಗಿ ಕೇಳಿ ಕೇಳಿ ಕಲಿತದ್ದು, ಪದ ಮುಗಿಯುವುದರೊಳಗೆ ಉಸಿರು ಬಂದರೆ ದೇವರ ದಯೆ, ಬರದಿದ್ದರೆ ಕೊರಳ ಕೆಳಗೆ ಕೈ ಹಾಕಿ ಹೊರಳಿಸುತ್ತಿದ್ದೆ, ಒಮ್ಮೆ ಹೌಹಾರಿ ಕಣ್ಣು ಬಿಟ್ಟ, ಕೊರಳಲ್ಲಿ ನನ್ನ ಕೈ ಕಂಡ — ಯವ್ವಾ, ಕುತ್ತಿಗಿ ಹಿಚಕಾಕತ್ತಾಳ, ಓಡಿ ಬಾ! — ಸತ್ತಿ ಊರಿನ ಮಂದಿಯೆಲ್ಲ ಬಾಗಿಲಿಗೆ ಬಂತು, ನನ್ನ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು, ಪುರಾಣ ಕೇಳಲು ಗುಡಿಗೆ ಹೋದರೆ ನನ್ನ ಮಗ್ಗುಲಲ್ಲಿ ಯಾರೂ ಕೂಡ್ರಲಿಲ್ಲ, ಹೆಂಗಸರು ಕೂಸುಗಳನ್ನು ಸೆರಗಿಗೆ ಎಳೆದುಕೊಂಡರು, ಆ ಎಳೆದುಕೊಂಡದ್ದು, ದೇವರೇ, ಅದನ್ನು ನಾನು ಮರೆಯುವುದಿಲ್ಲ, ನೀನೂ ಮರೆಯಬೇಡ. ಅವನ ಗೆಳೆಯ ಕಾಮಣ್ಣನ ಟೇಪಿನಲ್ಲಿ ಗೊರಕೆ ತುಂಬಿಕೊಂಡು ಮಿರಜಿಗೆ ಹೋದಾಗ ಡಾಕ್ಟರು ಕೇಳಿ ಕೇಳಿ ಅಂದರು, ನಿದ್ದ್ಯಾಗ ಉಸಿರಿನ ದಾರಿ ಮುಚ್ಚತೈತಿ, ದವಡಿ ಮುಂದ ಸರಿಸಬೇಕ್ರಿ, ಇವರು ಎಬ್ಬಿಸಿರದಿದ್ರ ನೀವು ಎಂದೋ ಹೋಗಿರ್ತಿದ್ರಿ, ಧೂಳಪ್ಪ ಗೋಡೆ ನೋಡಿದ, ಹೊಳೆವ್ವ ಸೆರಗು ಸರಿಮಾಡಿಕೊಂಡಳು, ಊರಿಗೆ ಬಂದು ಇಬ್ಬರೂ ಆ ಮಾತು ನುಂಗಿದರು, ಒಂದು ಸಲ, ಮಂದಿಯ ಮುಂದೆ ಒಂದೇ ಸಲ ಹೇಳಿದ್ದರೆ ಸಾಕಿತ್ತು, ಈಗ ಅವನ ಬಾಯಿಗೆ ತಂತಿ, ನನ್ನ ಕೊರಳಿಗೆ ಪಕ್ಕಡ, ಕಿಣಿ. ನಾನು ಕಾಸಿದ ಗಂಜಿ ಸರಿಸಿದ, ಕಾಮಣ್ಣ ತಂದದ್ದು ಬೇಕಾಯಿತು — ಅಗಿಯಾಕ ಬರೂದಿಲ್ಲ ಖರೆ, ಕುಡ್ಯಾಕ ಬರ್ತೈತಲ್ಲೊ ಗಡ್ಯಾ, ಮಟನ್ ರಸ್ಸಾ ಸೋಸಿ ತಂದೇನಿ, ಹೂಂ, ಎಳಿ — ಗಲ್ಲದ ಸಂದಿಯಲ್ಲಿ ನಳಿಗೆ ಇಟ್ಟು ಎಳೆದ, ಕಣ್ಣಲ್ಲೇ ನಕ್ಕ, ಈಗ ಹೊಟ್ಟೆ ಹಿಡಿದು ಬಗ್ಗಿದ್ದಾನೆ, ಮೂಗಿನಿಂದ ಕೆಂಪು ರಸ್ಸಾ, ಅಂದು ಕರೆದೆಯಲ್ಲ, ಕರಿ ಈಗ, ಕರಿಯೋ ಊರನ್ನು! ಕಾಮಣ್ಣನೇ ಕರೆದ, ಬಾಗಿಲಲ್ಲಿ ಅದೇ ಮಂದಿ, ಹೊಳೆವ್ವ ಎದೆ ಬಡಿದುಕೊಳ್ಳುತ್ತಾಳೆ, ಕತ್ತರಸ ಬೇ, ಕೈ ಹಾಕ ನನ್ನವ್ವಾ — ಎಲ್ಲಿ ಹಾಕ್ಲಿ ಅತ್ತಿ, ಎಲ್ಲಾರಿಗೂ ಕೇಳೂಹಂಗ ಹೇಳ್ರಿ — ಕುತ್ತಿಗಿ ಹಿಡಿ ಬೇ, ಹಿಡಿ! ಕೇಳಿದರು, ಎಲ್ಲರೂ ಕೇಳಿದರು, ಸಾಕು, ಇಲ್ಲ ಸಾಲದು, ಅಪ್ಪನ ಒಂದು ಪದ ಮುಗಿಯುವತನಕ ಕಾಯಲಿ, ನಾನು ಎಷ್ಟು ಕಾದಿಲ್ಲ, ಮೊದಲ ಸಾಲು ಹೇಳಿದೆ, ಎರಡನೆಯದು ಹೇಳಿದೆ, ಅವನೇ ನನ್ನ ಕೈ ಹಿಡಿದೆಳೆದು ತನ್ನ ಕೊರಳಿಗೆ ಒತ್ತಿಕೊಂಡ, ತುಟಿ ನೀಲಿ, ಕಣ್ಣು ಪಕ್ಕಡದ ಮೇಲೆ, ಮೂರನೆಯ ಸಾಲು, ಅಪ್ಪಾ, ಮೂರನೆಯದು ಏನಿತ್ತು, ಬರುತ್ತಿಲ್ಲ, ಪಕ್ಕಡ, ನನ್ನ ಇನ್ನೊಂದು ಕೈಯಲ್ಲಿ ತಂತಿಯ ಎರಡೂ ಬದಿಗೆ ಬಾಯಿ ಇಟ್ಟ ಪಕ್ಕಡ, ಇನ್ನೂ ಬಾಯಿ ಮುಚ್ಚದ ಪಕ್ಕಡ, ಪಕ್ಕಡ —