ಕಿಟಕಿಯ ಲೋಟ

“ಇಲ್ಲ” ಎಂದುಬಿಟ್ಟಿದ್ದ. ಅಷ್ಟು ಬೇಗ ಹೇಳಬಾರದಿತ್ತು.

ಕೇಳಿದವಳು ಹೊಲಿಗೆ ಕಲಿಯುವ ಹುಡುಗಿ, ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪು. ಆಸ್ಪತ್ರೆಯ ಎರಡನೆಯ ಮಹಡಿ, ಶನಿವಾರ, ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ಎಚ್‌ಐವಿ ಇರುವ ಹುಡುಗ ಹುಡುಗಿಯರಿಗೆ ಅವನು ಪಾಠ ಹೇಳುತ್ತಿದ್ದ: ಮಾತ್ರೆ ದಿನಾ ಒಂದೇ ಹೊತ್ತಿಗೆ, ರಕ್ತಪರೀಕ್ಷೆ ತಪ್ಪಿಸಬಾರದು, ಜ್ವರ ಬಂದರೆ ಮುಚ್ಚಿಡಬಾರದು. ಅವನಿಗೂ ಹುಟ್ಟಿನಿಂದಲೇ ಇತ್ತು, ಅದಕ್ಕೇ ಕರೆಯುತ್ತಿದ್ದರು. ಉಳಿದ ದಿನ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ‘ಒಂದೇ ಲೋಟದಲ್ಲಿ ಕುಡಿದರೆ ಹರಡುವುದಿಲ್ಲ’ ಎಂಬ ಸಾಲನ್ನು ಆಸ್ಪತ್ರೆಯ ಕರಪತ್ರದಲ್ಲಿ ಅವನೇ ಮೂರು ಸಲ ತಿದ್ದಿದ್ದ.

“ಅದು ಸರಿ ಮೇಷ್ಟ್ರೇ, ನಿಮ್ಮನೇಲಿ ನಿಮ್ಮ ಲೋಟ ಬೇರೆನಾ?”

“ಇಲ್ಲ.”

“ಹಾಗಾದ್ರೆ ಇವತ್ತೇ ಅಮ್ಮಂಗೆ ಹೇಳ್ತೀನಿ. ನನ್ನ ಲೋಟ ಮೂಲೇಲಿ ಮುನಿಸ್ಕೊಂಡು ಕೂತ ಹಾಗೆ ಕೂತಿರತ್ತೆ.”

ಎಲ್ಲರೂ ನಕ್ಕರು. ಅವನೂ ನಕ್ಕ.

ಮುಂದಿನ ಶನಿವಾರ ಅವಳು ಮತ್ತೆ ಬರುತ್ತಾಳೆ. ಅಷ್ಟರೊಳಗೆ ಸುಳ್ಳನ್ನು ನಿಜ ಮಾಡಬೇಕು. ಇವತ್ತೇ, ಎಂದುಕೊಂಡು ಬಸ್ಸು ಹತ್ತಿದ.

ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು. ಪುಟ್ಟ ಮಗಳಿದ್ದ ತನ್ನ ಮನೆಗೆ ಚಿಕ್ಕಮ್ಮ ಕರೆತಂದಳು. ಚಿಕ್ಕಪ್ಪ ಕೆಟ್ಟವರಲ್ಲ, ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಮೊಳೆಯಿಟ್ಟು ಸುತ್ತಿಗೆಯಿಂದ ತಳಕ್ಕೆ ಒಂದು ಚುಕ್ಕಿ ಹೊಡೆದು, “ಇದು ನಿಂದು” ಎಂದಿದ್ದರು, ಅಷ್ಟೆ. ಅಂದಿನಿಂದ ಅದರ ಜಾಗ ಅಡುಗೆಮನೆಯ ಕಿಟಕಿ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಅವನ ಬೆರಳು ಚುಕ್ಕಿಯನ್ನು ತಡವಿ ನೋಡುತ್ತಿತ್ತು. ಬೇಸರವಿರಲಿಲ್ಲ. ಲೋಟ ಬೇರೆಯಾದರೇನು, ಅದರಲ್ಲಿ ನೀರಿತ್ತು, ಪಕ್ಕದಲ್ಲಿ ಮಾತ್ರೆಯಿತ್ತು. ಕೃತಜ್ಞತೆಯೂ ಅವನಿಗೆ ಮಾತ್ರೆಯಂತೆಯೇ ಆಗಿತ್ತು: ಒಂದು ದಿನ ತಪ್ಪಿದರೆ ಏನಾಗುವುದೋ ಎಂಬ ಭಯದ ಸಮೇತ.

ಚಿಕ್ಕಪ್ಪ ಹೋಗಿ ಮೂರು ವರ್ಷ. ಲೋಟ ಕಿಟಕಿಯಲ್ಲೇ ಇತ್ತು.

ಚಿಕ್ಕಮ್ಮ ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. “ಏನಪ್ಪ, ಇಷ್ಟು ಬೇಗ? ಶಿಷ್ಯರೆಲ್ಲ ಓಡಿಹೋದ್ರಾ?”

“ಬಾಯಾರಿಕೆ.”

ಕಪಾಟಿನಲ್ಲಿ ಆರು ಲೋಟ ಒಂದರೊಳಗೊಂದು ಕೂತಿದ್ದವು. ಹದಿನೈದು ವರ್ಷದಲ್ಲಿ ಅವನು ಅವನ್ನು ಮುಟ್ಟಿರಲಿಲ್ಲ. ಮೇಲಿನದನ್ನು ತೆಗೆದು ನೀರು ತುಂಬಿ ತುಟಿಯ ಹತ್ತಿರ ತಂದ. ಬೆರಳು ತನ್ನಷ್ಟಕ್ಕೆ ತಳಕ್ಕೆ ಹೋಯಿತು.

ಚುಕ್ಕಿ.

ತಿರುಗಿ ನೋಡಿದ. ಕಿಟಕಿಯ ಲೋಟ ಕಿಟಕಿಯಲ್ಲೇ ಇತ್ತು. ನೀರು ಚೆಲ್ಲಿದ. ಇನ್ನೊಂದು ತೆಗೆದ, ಮತ್ತೊಂದು. ಏಳನ್ನೂ ಕಟ್ಟೆಯ ಮೇಲೆ ಬೋರಲು ಹಾಕಿದ. ಏಳು ಚುಕ್ಕಿ.

“ಚಿಕ್ಕಮ್ಮ, ಇದೇನು?”

ಅವಳು ಬಂದು ನೋಡಿದಳು. ಆಮೇಲೆ ಬೇರೆಲ್ಲೋ ನೋಡಿದಳು. “ಏನು?”

“ಚಿಕ್ಕಪ್ಪ ಒಂದಕ್ಕೆ ತಾನೆ ಹೊಡೆದಿದ್ದು?”

“ಹೂಂ. ಅವರು ಕೆಲಸಕ್ಕೆ ಹೋದ್ಮೇಲೆ ಮಿಕ್ಕಿದ್ದಕ್ಕೆ ನಾನು ಹೊಡೆದೆ. ಕಳ್ಳ ಕೆಲಸ ನೋಡು, ಹೆಬ್ಬೆರಳು ಜಜ್ಜಿಹೋಯ್ತು.”

“ಯಾಕೆ?”

“ಲೋಟದಿಂದ ಬರಲ್ಲ ಅಂತ ನರ್ಸಮ್ಮ ಹೇಳಿದ್ಲು. ಇವರಿಗೆ ಹೇಳಿದ್ರೆ ಹಟ. ದಿನಾ ಬೆಳಿಗ್ಗೆ ಕೈಗೆ ಸಿಕ್ಕಿದ್ದೊಂದನ್ನ ಕಿಟಕೀಲಿ ಇಡ್ತಿದ್ದೆ. ಯಾವುದು ಅಂತ ನಾನೂ ನೋಡ್ತಿರ್ಲಿಲ್ಲ.”

“ತಂಗಿ?”

“ನಿನ್ನ ತಂಗೀನೂ ಅದರಲ್ಲೇ ಕುಡಿದು ಬೆಳೆದಿದ್ದು. ಗುಂಡುಕಲ್ಲಿನ ಹಾಗಿದಾಳೆ.”

ಕರಪತ್ರವಿಲ್ಲದೆ, ಯಾರಿಗೂ ಪಾಠ ಹೇಳದೆ, ಒಂದು ಮೊಳೆಯಿಂದ ಇವಳು ಇಷ್ಟು ಮಾಡಿದ್ದಳು.

“ನನಗ್ಯಾಕೆ ಹೇಳ್ಲಿಲ್ಲ?”

“ಮೊದಲು ಚಿಕ್ಕವನು, ಬಾಯಿಬಿಡ್ತೀಯ ಅಂತ. ಆಮೇಲೆ...” ಅವಳು ಒಂದು ಲೋಟವನ್ನು ಸೆರಗಿನಿಂದ ಒರೆಸಿದಳು. “ಇವರು ಹೋದ್ಮೇಲೆ ಒಂದು ವಾರ ನಾನು ಕಿಟಕೀಲಿ ಇಡಲೇ ಇಲ್ಲ ಕಣೋ. ಕಟ್ಟೆ ಮೇಲೆ ಬಿಟ್ಟಿದ್ದನ್ನ ದಿನಾ ನೀನೇ ಎತ್ತಿ ಅಲ್ಲಿಟ್ಕೊಂಡೆ.”

ಅವನು ಕೈಗೆ ಸಿಕ್ಕಿದ ಲೋಟಕ್ಕೆ ನೀರು ತುಂಬಿದ.

“ನಂಗೂ ಸ್ವಲ್ಪ ನೀರು ಕೊಡು.”

ಇಬ್ಬರೂ ನಿಂತೇ ಕುಡಿದರು. ನೀರು ತಣ್ಣಗಿತ್ತು. ಅವಳು ಅವನ ಬೆನ್ನು ತಟ್ಟಿ ಬಟ್ಟೆ ಮಡಿಸಲು ಹೋದಳು. ಹುಡುಗಿಗೆ ಹೇಳಿದ್ದು ಸುಳ್ಳೇ ಆಗಿರಲಿಲ್ಲ, ಎಂದುಕೊಳ್ಳುತ್ತ ಅವನು ಏಳು ಲೋಟವನ್ನೂ ತೊಳೆದು ಒರೆಸಿ ಎತ್ತಿಟ್ಟ. ಮನಸ್ಸು ಎಷ್ಟೋ ದಿನದ ಮೇಲೆ ಹಗುರಾಗಿತ್ತು.

ಕೈ ಒರೆಸಿಕೊಂಡು ತಿರುಗಿದಾಗ ಕಪಾಟಿನಲ್ಲಿ ಆರು ಲೋಟ ಒಂದರೊಳಗೊಂದು ಕೂತಿದ್ದವು. ಏಳನೆಯದು ಕಿಟಕಿಯಲ್ಲಿತ್ತು. ಅಡುಗೆಮನೆಯಲ್ಲಿ ಅವನ ಹೊರತು ಯಾರೂ ಇರಲಿಲ್ಲ.