ಅಮಾವಾಸ್ಯೆ ಕ್ಯಾಸೆಟ್ಟು

ಜಪಾನಿನ ಪ್ರಾಣಿ ಕರೆಂಟ್ ಟವರಿಗೆ ಕೈ ಹಾಕ್ತು. ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋಯ್ತು.

"ಥೂ, ಇದ್ರ ಮನೆ ಹಾಳಾಗ!" ಅಂತ ರಾಮಲಿಂಗಯ್ಯ ತೊಡೆ ತಟ್ಟಿಕೊಂಡ. ಟೀವಿ ಕಪ್ಪಾಗಿ, ಅದರ ಗಾಜಿನಲ್ಲಿ ಅವನದೇ ಮುಖ ಕಾಣಿಸ್ತು. ಹಿಂದೆ ನಡುಮನೆ ತುಂಬಾ ಬೀದಿಯವರ ಮುಖಗಳು. ಯಾರೂ ಏಳಲಿಲ್ಲ. ಎದ್ದರೆ ಕರೆಂಟಿಗೆ ಬೇಜಾರಾಗಿ ಬರೋದು ಇನ್ನೂ ತಡ ಆಗುತ್ತೆ ಅನ್ನೋ ಹಾಗೆ ಕೂತಿದ್ದರು.

"ಹೋದ ಅಮಾವಾಸ್ಯೇಲೂ ಇಲ್ಲೇ ಹೋಗಿದ್ದು," ಅಂದಳು ಅವನ ಹೆಂಡತಿ ಭಾಗ್ಯಮ್ಮ, ಬಾಗಿಲ ಹತ್ರ ನೂಲಿನ ಬುಟ್ಟಿ ಪಕ್ಕದಿಂದ. "ಇದೇ ಕೈ. ಇದೇ ಕಂಬ."

"ಸುಮ್ನಿರೇ."

"ನಾನು ಸುಮ್ನೇ ಇದೀನಿ. ನಿಮ್ಮ ಪ್ರಾಣಿಗೆ ಹೇಳಿ, ಕೈ ಸುಮ್ನಿಟ್ಕೋ ಅಂತ."

ತೊಂಬತ್ತೊಂದನೇ ಇಸವಿ ಅದು. ಸಿನಿಮಾ ನೋಡೋಕೆ ಆ ಬೀದಿಗೆ ಅಮಾವಾಸ್ಯೆ ಒಂದೇ ಗತಿ, ಅವತ್ತು ಮಗ್ಗಕ್ಕೆ ರಜ. ಮಿಕ್ಕ ದಿನ ಕರೆಂಟ್ ಬಂದ ತಕ್ಷಣ ಮನೆಮನೇಲೂ ಪವರ್‌ಲೂಮ್ ಶುರು. ಅಷ್ಟೂ ಮಗ್ಗ ಒಟ್ಟಿಗೆ ಓಡಿದರೆ ಟೀವಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಚೆ ಸ್ಟಾಂಪಿನಷ್ಟಾಗಿ, ನಾಯಕ ನಾಯಕಿ ಆ ಇಕ್ಕಟ್ಟಿನಲ್ಲೇ ಸಂಸಾರ ಮಾಡಬೇಕಾಗ್ತಿತ್ತು. ಅದಕ್ಕೇ ಅಮಾವಾಸ್ಯೆ ಬೆಳಿಗ್ಗೆ ರಾಮಲಿಂಗಯ್ಯ ಬಸ್‌ಸ್ಟ್ಯಾಂಡ್ ಹಿಂದಿನ ಸರ್ದಾರ್ ಪಾಷಾನ ವಿಡಿಯೋ ಅಂಗಡಿಗೆ ಹೋಗಿ, ವಿಸಿಆರನ್ನ ಕಂಬಳೀಲಿ ಸುತ್ತಿ, ಬಾಣಂತಿ ಮನೆಯಿಂದ ಮಗೂನ ತರೋ ಹಾಗೆ ಸೈಕಲ್ ತಳ್ಳಿಕೊಂಡು ಬರ್ತಿದ್ದ. ಸಾಯಂಕಾಲ ವಾಪಸ್ ಕೊಡಬೇಕು. ಮಧ್ಯೆ ಕರೆಂಟ್ ಹೋದರೆ ಅದು ಗಿರಾಕಿ ಹಣೆಬರಹ. ಅವತ್ತೂ ಕರೆಂಟ್ ಬರೋ ಹೊತ್ತಿಗೆ ವಿಸಿಆರ್ ಅಂಗಡಿ ಸೇರಿ ಆಗಿತ್ತು.

ಆ ಕ್ಯಾಸೆಟ್ ಬೆಂಗಳೂರಲ್ಲಿ ಮುಚ್ಚಿಹೋದ ಯಾವುದೋ ಅಂಗಡಿಯ ಗೋಣಿಚೀಲದಲ್ಲಿ ಪಾಷಾನ ಕೈಗೆ ಬಂದಿದ್ದು. ಡಬ್ಬದ ಮೇಲೆ ಹೆಸರಿಲ್ಲ, ಒಳಗಿನ ಮಾತು ಪೂರಾ ಜಪಾನಿದು. ಬೀದಿಯವರಿಗೆ ಅದೇನೂ ತೊಂದರೆ ಆಗಲಿಲ್ಲ. ಮಗ್ಗದ ಗದ್ದಲದಲ್ಲಿ ತುಟಿ ಆಡೋದು ನೋಡಿಯೇ ಮಾತು ಹಿಡಿಯೋ ಜನ. ಸಮುದ್ರದಿಂದ ಒಂದು ಪ್ರಾಣಿ ಎದ್ದು ಬರುತ್ತೆ. ಮೊಸಳೆ ಮೂತಿ, ಎಮ್ಮೆ ಸೊಂಟ, ತೆಂಗಿನಮರದುದ್ದ ಬಾಲ. ರೈಲು ತುಳಿಯುತ್ತೆ, ಸೇತುವೆ ಮುರಿಯುತ್ತೆ, ಬಾಲ ಬೀಸಿ ಒಂದು ಪೇಟೆಯನ್ನೇ ಗುಡಿಸಿ ಹಾಕುತ್ತೆ. ಬೀದಿ ಜನಕ್ಕೆ ಅದು ಮುರಿದಿದ್ದೆಲ್ಲ ಇಷ್ಟ. ರಾಮಲಿಂಗಯ್ಯನಿಗೆ ಇಷ್ಟ ಆಗಿದ್ದು ಅದರ ಕಾಲು.

ಮೊದಲನೇ ಸಲ ನೋಡಿದಾಗಲೇ ಅವನಿಗೆ ಗೊತ್ತಾಗಿಬಿಟ್ಟಿತ್ತು, ಒಳಗೆ ಒಬ್ಬ ಮನುಷ್ಯ ಇದಾನೆ ಅಂತ. ಕಂಕುಳಲ್ಲಿ ರಬ್ಬರು ಮಡಿಕೆ ಬೀಳ್ತಿತ್ತು, ಕತ್ತಿನ ಹತ್ರ ಹೊಲಿಗೆ ಕಾಣ್ತಿತ್ತು.

"ಕಾಣೋದೇ ಅದರ ಚೆಂದ ಕಣಯ್ಯ," ಅಂತ ಸಿಕ್ಕಿದವರ ಹತ್ರ ವಾದಕ್ಕೆ ನಿಲ್ತಿದ್ದ. "ನಿಜವಾದ ಪ್ರಾಣಿ ಊರು ಒಡೆದ್ರೆ ಅದೇನ್ ದೊಡ್ಡಸ್ತಿಕೆ? ಇವನು ನೋಡು. ಆ ಸೆಕೇಲಿ, ಅಷ್ಟು ತೂಕ ಹೊತ್ಕೊಂಡು, ದಿನವಿಡೀ ನಿಂತ್ಕೊಂಡೇ ಇದಾನೆ. ಎಡಗಾಲು ಊರುವಾಗ ಸ್ವಲ್ಪ ತಡೆದು ಊರ್ತಾನೆ. ಮಂಡಿ ನೋವು ಅವನಿಗೆ. ಬೇಕಾದ್ರೆ ಬರ್ದು ಕೊಡ್ತೀನಿ."

ಹದಿನೈದನೇ ವಯಸ್ಸಿಂದ ಮಗ್ಗದ ಮುಂದೆ ನಿಂತಿದ್ದ ಮನುಷ್ಯ. ಮಂಡಿ ವಿಷಯದಲ್ಲಿ ಅವನ ಮಾತು ತೆಗೆದುಹಾಕೋ ಹಾಗಿರಲಿಲ್ಲ. ಟವರ್ ಮುಟ್ಟೋವರೆಗಿನ ಸಿನಿಮಾದಲ್ಲಿ ಪ್ರಾಣಿ ಒಂದು ಸಲವೂ ಕೂತಿರಲಿಲ್ಲ. ಕೊನೇಲಾದ್ರೂ ಕೂರುತ್ತಾ? ರಾಮಲಿಂಗಯ್ಯನಿಗೆ ಬೇಕಾಗಿದ್ದು ಅಷ್ಟೇ. ಊರು ಉಳೀತಾ ಹೋಯ್ತಾ ಅನ್ನೋದು ಜಪಾನಿನವರ ತಾಪತ್ರಯ.

ಮೂರನೇ ಅಮಾವಾಸ್ಯೆಗೆ ಅವನು ಒಂದು ಉಪಾಯ ಮಾಡಿದ. ಟವರ್ ಬರೋಕೆ ಮುಂಚೇನೇ ಫಾರ್ವರ್ಡ್ ಬಟನ್ ಒತ್ತಿ ಆ ಜಾಗ ದಾಟಿಸಿಬಿಡೋದು. ಬೆರಳಿಟ್ಟ, ಒತ್ತಿದ. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಢಮಾರ್ ಅಂತು. ಅದರ ಮೇಲೆ ಕೂತಿದ್ದ ಕಾಗೆ ನಂದಿಬೆಟ್ಟದ ಕಡೆ ಹಾರಿದ್ದು, ಇವತ್ತಿಗೂ ವಾಪಸ್ ಬಂದಿಲ್ಲ.

ಹೊಸ ಟ್ರಾನ್ಸ್‌ಫಾರ್ಮರ್ ಬರೋವರೆಗೆ ವಾರಗಟ್ಟಲೆ ಮಗ್ಗ ನಿಂತವು. ಸದ್ದಿಲ್ಲದೆ ಬೀದಿಗೆ ನಿದ್ದೆ ಹತ್ತಲಿಲ್ಲ. ತೊಟ್ಟಿಲ ಮಕ್ಕಳು ನಿಶ್ಶಬ್ದಕ್ಕೆ ಬೆಚ್ಚಿಬಿದ್ದು ಅಳ್ತಿದ್ದವು. ಪಿಸುಮಾತಿನಲ್ಲಿ ಮಾತಾಡೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲದ್ದರಿಂದ ಗಂಡ ಹೆಂಡಿರ ಜಗಳವೆಲ್ಲ ಬೀದಿಗೇ ಕೇಳಿಸ್ತು. ಕೊನೆಗೆ ಅಪ್ಪಯ್ಯಣ್ಣನ ಜಗಲಿ ಮೇಲೆ ಜನ ಸೇರಿದರು. ಅಪ್ಪಯ್ಯಣ್ಣ ಬೀದಿಗೆ ಹಿರಿಯ. ಮಗ್ಗಕ್ಕೆ ಏರಿಸೋ ರೇಷ್ಮೆ ಎಳೆಯ ಹಾಸು ಕೊಡೋನೂ ಅವನೇ, ನೇಯ್ದ ಸೀರೆ ತಗೊಳ್ಳೋನೂ ಅವನೇ. ಅವನ ಹಾಸು ಬರದಿದ್ರೆ ರಾಮಲಿಂಗಯ್ಯನ ಮಗ್ಗ ಬಟ್ಟೆ ಒಣಗಿಹಾಕೋಕೆ ಮಾತ್ರ ಲಾಯಕ್ಕು.

ಲೈನ್‌ಮನ್ನನ್ನ ಕರೆಸಿ ಕೇಳಿದರು. ಅವನು ನಿಧಾನವಾಗಿ ಬಿಡಿಸಿ ಹೇಳಿದ. "ಟ್ರಾನ್ಸ್‌ಫಾರ್ಮರ್ ಹಳೇದು, ಹೋಯ್ತು. ಮುಂಚಿನ ಎರಡು ಸಲ ನಾವೇ ಆಫ್ ಮಾಡಿದ್ದು. ಅಮಾವಾಸ್ಯೆ ದಿನ ನಿಮ್ಮ ಮಗ್ಗ ಓಡಲ್ಲ ಅಂತಾನೇ ಲೈನ್ ರಿಪೇರಿ ಅವತ್ತಿಗೆ ಇಟ್ಕೊಳ್ಳೋದು. ಊಟ ಮುಗಿಸ್ಕೊಂಡು ಬಂದು ಆಫ್ ಮಾಡ್ತೀವಿ. ನಿಮ್ಮ ಸಿನಿಮಾ ಆ ಹೊತ್ತಿಗೆ ಅಲ್ಲಿಗ್ ಬಂದಿರುತ್ತೆ, ಅಷ್ಟೇ."

"ನೀವು ಆಫ್ ಮಾಡ್ತೀರ, ಸರಿ," ಅಂದ ಅಪ್ಪಯ್ಯಣ್ಣ. "ಆ ಹೊತ್ತಿಗೇ ಆಫ್ ಮಾಡಬೇಕು ಅಂತ ನಿಮ್ಮ ಮನಸ್ಸಿಗೆ ಬರ್ಸೋರು ಯಾರು?"

ಲೈನ್‌ಮನ್ ಯೋಚನೆ ಮಾಡಿದ. ಅವನಿಗೂ ಅನುಮಾನ ಬಂತು.

ಆಮೇಲೆ ಸರ್ದಾರ್ ಪಾಷಾ ಬಂದ. "ಸುಟ್ಟಾಕಿ ಸಾಬ್ರೇ ಅದನ್ನ," ಅಂದರು ಎಲ್ಲಾ.

"ಅರೆ, ಯಾಕೆ ಸುಡೋದು ಅಣ್ಣಾ? ಮುಂದಿನ ತಿಂಗಳು ನಮ್ಮ ಮಗಳು ನೂರ್ಜಹಾನ್ ಶಾದಿ. ಅದರ ಮೇಲೇ ಶಾದಿ ರೆಕಾರ್ಡ್ ಮಾಡಿಸಿಬಿಡ್ತೀನಿ. ಪ್ರಾಣಿ ಅಳಿಸ್ಕೊಂಡ್ ಹೋಗುತ್ತೆ."

ಜಗಲಿ ಒಪ್ಪಿತು. ಮದುವೆ ಆದ ಮೇಲೂ ಆರ್ಭಟ ಮಾಡಿದ ಗಂಡಸನ್ನ ಆ ಬೀದೀಲಿ ಯಾರೂ ನೋಡಿರಲಿಲ್ಲ.

"ಅಲ್ಲೀವರೆಗೆ ಅದನ್ನ ಯಾರಾದ್ರೂ ಲೈನ್ ಕರೆಂಟಿಗೆ ಹಾಕಿದ್ರೆ," ಅಪ್ಪಯ್ಯಣ್ಣ ರಾಮಲಿಂಗಯ್ಯನ ಕಡೆ ನೋಡದೆ ಅಂದ, "ಅವರ ಮನೆಗೆ ನನ್ನ ಹಾಸು ಬರಲ್ಲ."

ರಾಮಲಿಂಗಯ್ಯನಿಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ಕರೆಂಟ್ ಬಂದು ಮಗ್ಗ ಶುರುವಾದ ಮೇಲೆ ಎಳೆ ಕಿತ್ತರೂ ಅವನ ಕಣ್ಣಿಗೆ ಬೀಳ್ತಿರಲಿಲ್ಲ; ಒಂದು ಸೀರೆ ಸೆರಗಿನಲ್ಲಿ ಅಂಗೈ ಅಗಲ ಜಾಳುಜಾಳಾಗಿ ಬಂತು. ಬಾಯಿಗೆ ಎತ್ತಿದ ತುತ್ತು ಕೈಯಲ್ಲೇ ಹಿಡಿದು ಎದ್ದು ಬಾಗಿಲಿಗೆ ಹೋಗೋನು, ಅಲ್ಲಿ ಏನೂ ಇಲ್ಲ ಅಂತ ವಾಪಸ್ ಬರೋನು. ಸಂಜೆ ಪಾಷಾನ ಅಂಗಡಿ ಮುಂದೆ ಸುಮ್ಮನೆ ಎರಡು ಸುತ್ತು ಸೈಕಲ್ ಹೊಡೆಯೋನು. ಕ್ಯಾಸೆಟ್ ಗಾಜಿನ ಹಿಂದೆ ಮೇಲಿನ ಸಾಲಿನಲ್ಲಿ ಇರ್ತಿತ್ತು.

"ಯಾವಳನ್ನೋ ನೋಡೋಕೆ ಹೋಗ್ತಾರೆ ಅಂತ ಇದ್ದಿದ್ರೆ ನಾನು ತವರುಮನೆಗಾದ್ರೂ ಹೋಗ್ತಿದ್ದೆ," ಅಂದಳು ಭಾಗ್ಯಮ್ಮ. "ಮೊಸಳೆಗೋಸ್ಕರ ಅಂತ ಅಲ್ಲಿ ಹೇಳಿದ್ರೆ ನಗ್ತಾರೆ."

ಪಾಷಾ ಮದುವೆ ಕಾರ್ಡ್ ಕೊಡೋಕೆ ಬಂದ. ಚಾಪೆ ಮೇಲೆ ಕೂತು, ಅಡುಗೆಯವರು ಯಾರು, ನಿಮ್ಮ ಬೀದಿಯವರಿಗೆ ಬೇರೆ ಒಲೆ ಎಲ್ಲಿ, ಗಂಡಿನ ಕಡೆಯವರು ಸೂಲಿಬೆಲೆಯಿಂದ ಎಷ್ಟು ಹೊತ್ತಿಗೆ ಬರ್ತಾರೆ ಎಲ್ಲಾ ಹೇಳಿದ. "ಕರೆಂಟ್ ನಂಬೋಕಾಗಲ್ಲ ಅಂತ ಜನರೇಟರ್ ಹೇಳಿದೀನಿ," ಅಂದ.

ರಾಮಲಿಂಗಯ್ಯ ಕಾಫಿ ಲೋಟ ಕೆಳಗಿಟ್ಟ. "ಭಾಯ್. ಜನರೇಟರ್ ಕರೆಂಟು ಲೈನ್ ಕರೆಂಟ್ ಅಲ್ವಲ್ಲ."

ಪಾಷಾ ಅವನ ಮುಖವನ್ನೇ ನೋಡಿದ. ತುಂಬಾ ಹೊತ್ತು ನಕ್ಕ. "ನಿಮಗೆ ಆ ಪ್ರಾಣಿ ಏನ್ ಸಂಬಂಧ ಆಗ್ಬೇಕಣ್ಣ? ಆಯ್ತು. ಒಂದು ಕ್ಯಾಸೆಟ್ ಹೊಸದು ತಂದಿದೀನಿ. ಶಾದಿ ಮೊದಲು ಅದಕ್ಕೆ ಹೋಗುತ್ತೆ, ಅದು ತುಂಬೋವರೆಗೆ ಇದು ನಿಮ್ಮದು. ಕ್ಯಾಮೆರಾದವನು ಬಂದು ಕೇಳಿದ ತಕ್ಷಣ ಕೊಟ್ಬಿಡ್ಬೇಕು. ಮಗಳು ಹೊರಡೋದು ಅದರಲ್ಲೇ ಬರ್ಬೇಕು."

"ಅಲ್ಲಾ ಆಣೆ," ಅಂದ ರಾಮಲಿಂಗಯ್ಯ.

"ನೀವ್ಯಾಕೆ ನಮ್ಮ ಆಣೆ ಹಾಕ್ತೀರಾ? ನಿಮ್ಮ ಚೌಡೇಶ್ವರಿ ಆಣೆ ಹಾಕಿ."

ಅದನ್ನೂ ಹಾಕಿದ.

ಮದುವೆ ದಿನ ಪಾಷಾನ ಮನೆ, ಅಂಗಡಿ ಎರಡೂ ಇದ್ದ ಓಣಿ ತುಂಬಾ ಶಾಮಿಯಾನ. ಮೂಲೇಲಿ ಗಾಡಿ ಮೇಲಿದ್ದ ಜನರೇಟರ್ ನೆಲವೇ ಅದುರೋ ಹಾಗೆ ಬಡಕೊಳ್ತಿತ್ತು. ಗಂಡಿನ ಕಡೆಯವರು ಬಂದರು, ನಿಕಾಹ್ ಆಯ್ತು, ಊಟಕ್ಕೆ ಕೂತರು. ರಾಮಲಿಂಗಯ್ಯ ಉಡುಗೊರೆ ಸೀರೆ ಪಾಷಾನ ಹೆಂಡತಿ ಕೈಗೆ ಕೊಟ್ಟವನೇ ಅಂಗಡಿ ಹಿಂದಿನ ಕೋಣೆಗೆ ನುಗ್ಗಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಕ್ಯಾಸೆಟ್ ಹಾಕಿದ.

ಸಮುದ್ರ. ರೈಲು. ಸೇತುವೆ. ಅವನು ಕೂತ, ಎದ್ದ, ಸ್ಟೂಲ್ ಮುಂದಕ್ಕೆ ಎಳೆದ. ಟವರ್ ಹತ್ರ ಬರ್ತಿದ್ದ ಹಾಗೆ ಬಾಗಿಲು ಸಂದಿ ಮಾಡಿಕೊಂಡು ಯಾರೋ ಒಳಗೆ ಬಂದರು. ನೋಡಿದರೆ ಅಪ್ಪಯ್ಯಣ್ಣ, ಕೈಯಲ್ಲಿ ಎಲೆ ಅಡಿಕೆ.

"ಅಣ್ಣ, ಇದು ಲೈನ್ ಕರೆಂಟ್ ಅಲ್ಲ," ಅಂದ ರಾಮಲಿಂಗಯ್ಯ ಗಾಬರಿಯಾಗಿ.

"ನಾನೇನ್ ಕೇಳಿದ್ನಾ?" ಅಪ್ಪಯ್ಯಣ್ಣ ಅಕ್ಕಿಮೂಟೆ ಮೇಲೆ ಕೂತ. "ಕೈ ಹಾಕ್ತಾ?"

"ಇಲ್ಲ, ಈಗ."

"ಸರ್ಕೋ. ಕಾಣಲ್ಲ."

ಪ್ರಾಣಿ ಟವರಿಗೆ ಕೈ ಹಾಕ್ತು. ತಂತಿಗಳು ಕಿತ್ತು ಕಿಡಿ ಹಾರಿ ಟವರು ಉರುಳಿಬಿತ್ತು. ಟೀವಿ ಓಡ್ತಾನೇ ಇತ್ತು. "ಬಿತ್ತು!" ಅಂತ ಅಪ್ಪಯ್ಯಣ್ಣ ಕೂಗಿದ್ದು ಜನರೇಟರ್ ಸದ್ದನ್ನೂ ಮೀರಿ ಪಂಕ್ತಿವರೆಗೆ ಕೇಳಿಸ್ತು. ಕೈ ತೊಳೀತಿದ್ದ ಬೀದಿಯವರಿಗೆ ಏನು ಬಿತ್ತು ಅಂತ ಯಾರೂ ಹೇಳಬೇಕಾಗಲಿಲ್ಲ. ಒಬ್ಬೊಬ್ಬರೇ ಬಂದರು. ಭಾಗ್ಯಮ್ಮನೂ ಬಂದಳು, ಗಂಡನ್ನ ಕರೀಲಿಕ್ಕೆ ಅಂತ. ಬಂದವಳು ಬಾಗಿಲಿಗೆ ಒರಗಿ ನಿಂತಳು.

ಮುಂದಿನದ್ದು ಯಾರೂ ನೋಡಿಲ್ಲದ ಸಿನಿಮಾ. ಕರೆಂಟ್ ತಗುಲಿದ ಪ್ರಾಣಿ ತೂರಾಡ್ತಾ ಊರು ಬಿಟ್ಟು ನಡೀತು. ಗುಂಡು ಹೊಡೀತಿದ್ದವರು ಬಂದೂಕು ಇಳಿಸಿ ದಾರಿ ಬಿಟ್ಟರು. ಸಮುದ್ರದ ದಂಡೆ ಬಂತು. ಅದು ನಮಗೆ ಬೆನ್ನು ಹಾಕಿ ನಿಂತು, ಆ ಕಡೆ ಈ ಕಡೆ ನೋಡಿ, ಪಕ್ಕದ ಗುಡ್ಡದ ಮೇಲೆ ಒಂದು ಕೈ ಊರಿತು.

"ನೋಡ್ರಿ, ನೋಡ್ರಿ," ಅಂದ ರಾಮಲಿಂಗಯ್ಯ. "ಸುಮ್ನೆ ಯಾರೂ ಹಂಗೆ ಕೈ ಊರಲ್ಲ."

ಎಡ ಮಂಡಿ ಮೆಲ್ಲಗೆ ಬಗ್ತಾ ಬಂತು. ಬಾಗಿಲು ತಳ್ಳಿಕೊಂಡು ಕ್ಯಾಮೆರಾದವನು ಬಂದ.

"ಕ್ಯಾಸೆಟ್ ಕೊಡಿ ಸಾರ್, ಬೇಗ! ಹುಡುಗಿ ಹೊರಟ್ಬಿಟ್ಟಿದಾಳೆ."

ಯಾರೂ ಅಲುಗಲಿಲ್ಲ. ಅವನ ಹಿಂದೆ ಪಾಷಾ ನಿಂತಿದ್ದ, ಹೊಸ ಶೇರ್ವಾನಿ, ಕಣ್ಣು ಕೆಂಪಗೆ. ಹೊರಗೆ ಹೆಂಗಸರು ಅಳೋದು ಕೇಳ್ತಿತ್ತು. ಪಾಷಾ ಟೀವಿ ನೋಡಿದ, ಕೋಣೆ ತುಂಬಾ ಇದ್ದ ಮುಖಗಳನ್ನ ನೋಡಿದ.

"ಇನ್ನೆಷ್ಟಿದೆ ರಾಮಲಿಂಗಣ್ಣ?"

"ಗೊತ್ತಿಲ್ಲ ಭಾಯ್."

"ಎರಡೇ ನಿಮಿಷ ಕಣ್ರೀ," ಅಂದ ಅಪ್ಪಯ್ಯಣ್ಣ. "ಹೆಣ್ಣು ಬಾಗಿಲು ದಾಟೋಕೆ ಅಷ್ಟು ಹೊತ್ತು ಆಗೇ ಆಗುತ್ತೆ."

ಪಾಷಾ ಕೊಡಿ ಅನ್ನಲಿಲ್ಲ, ಇರಲಿ ಅಂತಲೂ ಅನ್ನಲಿಲ್ಲ. ಓಣಿ ಕಡೆ ತಿರುಗಿ, ಮತ್ತೆ ಒಳಗೆ ತಿರುಗಿ, ಟೋಪಿ ತೆಗೆದು ಹಾಗೇ ಮತ್ತೆ ಇಟ್ಟುಕೊಂಡ.

ರಾಮಲಿಂಗಯ್ಯ ಎದ್ದ. ಪ್ರಾಣಿಯ ಮಂಡಿ ಅರ್ಧ ಬಗ್ಗಿತ್ತು. ಅವನು ಬಟನ್ ಒತ್ತಿದ.

"ಏಯ್! ಏಯ್! ಕೂತ್ಕೊಂತಾ ಇತ್ತಲ್ಲಯ್ಯ!" ಅಪ್ಪಯ್ಯಣ್ಣ ಮೂಟೆಯಿಂದ ಎದ್ದುಬಿಟ್ಟ. "ಕೂತ್ಕೊಂತಾನೇ ಇತ್ತು!"

ಕ್ಯಾಸೆಟ್ ಈಚೆ ಬಂತು. ಅದರ ಬೆನ್ನಿನ ಚಿಕ್ಕ ಬಿಲ್ಲೆ ಮುರಿದಿತ್ತು, ಅದು ಮುರಿದಿದ್ರೆ ರೆಕಾರ್ಡ್ ಆಗಲ್ಲ. ಕ್ಯಾಮೆರಾದವನು ಜೇಬಲ್ಲಿ ಅಂಟುಪಟ್ಟಿ ಹುಡುಕಿ ಹರಿಯೋಕೆ ತುದಿ ಸಿಗದೆ ಒದ್ದಾಡ್ತಿದ್ದ. ರಾಮಲಿಂಗಯ್ಯ ಪಟ್ಟಿ ಇಸ್ಕೊಂಡು, ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, ತೂತಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಅಂಟಿಸಿ ಕೊಟ್ಟ.

"ರಿವೈಂಡ್?"

"ಟೈಮಿಲ್ಲ ಸಾರ್, ಇದ್ದಲ್ಲಿಂದಾನೇ."

ಎಲ್ಲರೂ ಈಚೆ ಬಂದರು. ಸಂಜೆ ಇಳೀತಿತ್ತು. ನೂರ್ಜಹಾನಳನ್ನ ಇಬ್ಬರು ಹೆಂಗಸರು ಹಿಡಿದುಕೊಂಡು ಹೊಸಿಲು ದಾಟಿಸ್ತಿದ್ದರು; ಹೂವಿನ ಪರದೆ ಹಿಂದೆ ಮುಖ ಕಾಣ್ತಿರಲಿಲ್ಲ, ಭುಜ ಅದುರೋದು ಮಾತ್ರ ಕಾಣ್ತಿತ್ತು. ಪಾಷಾ ಒಂದು ಕೈ ಮಗಳ ತಲೆ ಮೇಲೆ ಇಟ್ಟು, ಇನ್ನೊಂದರಲ್ಲಿ ಕಾರಿನ ಬಾಗಿಲು ಹುಡುಕ್ತಿದ್ದ. ಕ್ಯಾಮೆರಾದವನು ಅವರ ಮುಂದೆ ಹಿಂದಕ್ಕೆ ಹೆಜ್ಜೆ ಇಡ್ತಾ ನಡೀತಿದ್ದ. ಭುಜದ ಮೇಲೆ ಕ್ಯಾಮೆರಾ, ಅದರ ಪಕ್ಕದ ಚಿಕ್ಕ ಗಾಜಿನೊಳಗೆ ಕ್ಯಾಸೆಟ್ಟಿನ ಸುರುಳಿ, ಪ್ರಾಣಿ ಮಂಡಿ ಬಗ್ಗಿಸಿದ್ದ ಜಾಗದಿಂದಲೇ ಮುಂದಕ್ಕೆ ತಿರುಗ್ತಿತ್ತು.

ಬೀದಿಯವರೆಲ್ಲ ಹುಡುಗಿ ಕಡೆ ನೋಡ್ತಿದ್ದರು. ರಾಮಲಿಂಗಯ್ಯ ಸುರುಳಿ ಜೊತೆ ಜೊತೆಗೇ ನಡೀತಾ ಕಾರಿನವರೆಗೂ ಬಂದುಬಿಟ್ಟಿದ್ದ.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ. ನೀವೂ ಬೀಳ್ತಾ ಇದೀರ ಇದರಲ್ಲಿ," ಅಂದ ಕ್ಯಾಮೆರಾದವನು.

"ಬರ್ರೀ ಈಚೆಗೆ," ಅಂತ ಭಾಗ್ಯಮ್ಮ ದೂರದಿಂದ ತುಟಿಯಲ್ಲೇ ಕರೆದಳು.

ದೊಡ್ಡ ಲೈಟು ತಿರುಗಿ ಅವನ ಮುಖಕ್ಕೆ ಬಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡು, ಕಾರಿನ ಬಾನೆಟ್ ಮೇಲೆ ಒಂದು ಕೈ ಊರಿ, ಅಲ್ಲೇ ನಿಂತಿದ್ದ.