ವಾಡೆಯ ಬಾಗಿಲ ಮುಂದೆ ನನ್ನ ಬೆನ್ನು

ನನ್ನ ಗಂಟಲಿನ ವಿಷಯ ಮೊದಲು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಭಾಲ್ಕಿಯ ಚಾವಡಿಯ ಮುಂದೆ ನಾನು ಡಂಗುರ ಸಾರಿದರೆ ಔರಾದದಲ್ಲಿ ಹುಣಸೆಹಣ್ಣು ಉದುರುತ್ತಿತ್ತು. ಬೀದರ ಕೋಟೆಯ ಪಾರಿವಾಳಗಳು ಒಮ್ಮೆ ಬೆದರಿ ಹಾರಿದವು, ಮೂರು ದಿನ ಕೆಳಗಿಳಿಯಲಿಲ್ಲ. ಇಂಥ ಪಂಢರಿಗೆ ಇದ್ದದ್ದು ಒಂದೇ ಒಂದು ಕೊರತೆ: ಬೆನ್ನು.

ಊರ ಧಣಿಯ ವಾಡೆಯ ಬಾಗಿಲು ಬಂದರೆ ಅದು ತಾನಾಗಿ ಬಗ್ಗುತ್ತಿತ್ತು. ನಮ್ಮ ಓಣಿಯವರು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, "ಜೋಹಾರ, ಮಾಯಬಾಪ" ಎಂದು ನಿಲ್ಲುವುದು ತಾತನ ಕಾಲದ ರೂಢಿ. ಒಳಗೆ ಪಡಸಾಲೆಯಲ್ಲಿ ಕುಳಿತ ಧಣಿ ಒಮ್ಮೆ ಕೆಮ್ಮುತ್ತಿದ್ದ. ಕಂಡೆ, ಹೋಗು ಎಂದು ಅರ್ಥ. ಕೆಮ್ಮು ಕೇಳುವ ತನಕ ಬಗ್ಗಿಯೇ ಇರಬೇಕು.

ಧಣಿ ಸತ್ತು ನಾಲ್ಕು ವರ್ಷವಾಗಿತ್ತು. ಮಕ್ಕಳು ಬಾಗಿಲಿಗೆ ಬೀಗ ಜಡಿದು ಹೈದರಾಬಾದಿಗೆ ಹೋಗಿದ್ದರು. ಆದರೂ ಹಾಡುಹಗಲಲ್ಲಿ ನಾನು ಅಲ್ಲಿ ಬಗ್ಗುತ್ತಿದ್ದೆ, ಕೆಮ್ಮು ಕೇಳುತ್ತಿತ್ತು, ಆಮೇಲೆ ಏಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಬರಿ ಗಂಟಲಿನಿಂದ ಹುಲಿ ಓಡಿಸಿದವನು (ತೋಳವೇ ಇರಲಿ) ಸತ್ತವನ ಕೆಮ್ಮಿಗೆ ನಡುಗುತ್ತಾನೆ ಎಂದು ಹೇಳಿಕೊಳ್ಳುವುದುಂಟೇ?

ಆ ವರ್ಷ ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ ಆರು ವರ್ಷದ ಮಗಳು ಕಾಂತಾ ನನ್ನ ಸಂಗಡ ಬಂದಳು. ಬಾಗಿಲ ಮುಂದೆ ಬಗ್ಗಿ ಪಕ್ಕಕ್ಕೆ ನೋಡಿದರೆ ಅವಳೂ ಬಗ್ಗಿದ್ದಾಳೆ.

"ನೀ ಯಾಕ ಬಗ್ಗಿದಿ?"

"ನೀ ಬಗ್ಗಿದ್ಯಲ್ಲಾ!"

ಅಂದು ರೊಟ್ಟಿ ಇಳಿಯಲಿಲ್ಲ. ನನ್ನ ಹೆಂಡತಿ ಶಾಲುಬಾಯಿಯ ಅಣ್ಣ ಕಾಶೀರಾಮ ಬೀದರದ ನೌಬಾದದಿಂದ ಬಂದಿದ್ದ. ನಾಲ್ಕು ಅಕ್ಷರ ಬಲ್ಲವನು. ಅವನ ಮುಂದೆ ಬಾಯಿಬಿಟ್ಟೆ. ಅವನು ನಗಲಿಲ್ಲ.

"ಭಾವಾ, ನಿಮ್ಮ ಬೆನ್ನಿಗಿ ಮೂವತ್ತ ವರ್ಷ ದಿನಾ ಒಂದ ಮಾತ ಕಲಿಸ್ಯಾರ. ಈಗ ನೀವ ದಿನಾ ಬ್ಯಾರೆ ಮಾತ ಕಲಸ್ರಿ. ಎದ್ದ ಕೂಡಲೆ ನೀರಾಗ ಮಾರಿ ನೋಡಿಕೊಂಡ, 'ನನ್ನ ಬೆನ್ನ ನಂದು, ನಾ ಬಗ್ಗಾಂವಲ್ಲ' ಅನ್ರಿ. ಸುಳ್ಳ ಅನಸ್ತದ. ಆದ್ರೂ ಅನ್ರಿ."

ಮರುದಿನದಿಂದ ತುಂಬಿದ ಕೊಡದ ಮುಂದೆ ಕುಳಿತೆ. ಒಂದು ಮುಂಜಾನೆಗೆ ಲಕ್ಷ ಸಲ ಹೇಳಿದೆ. ಶಾಲುಬಾಯಿ ತಿದ್ದಿದಳು:

"ಇಪ್ಪತ್ತ ಸಲ. ಅದ್ರಾಗ ಎರಡ ಸಲ ಆಕಳಿಸಿದ್ರಿ. ಕೊಡ ಬಿಡ್ರಿ ಇನ್ನ, ನಿಮ್ಮ ಮಾರಿ ನೋಡಿ ನೋಡಿ ನೀರಿಗಿ ಬ್ಯಾಸರಾಗ್ಯಾದ."

ವಿಚಿತ್ರವೆಂದರೆ, ಹೇಳತೊಡಗಿದ ಮೇಲೆ ಕೆಮ್ಮು ಹತ್ತಿರ ಬಂತು. ಮೊದಲು ವಾಡೆಯ ಬಳಿ ಮಾತ್ರ ಇತ್ತು. ಈಗ 'ನಾ ಬಗ್ಗಾಂವಲ್ಲ' ಎನ್ನುವಷ್ಟರಲ್ಲಿ ನನ್ನ ಹಿಂದೆ, ಕಿವಿಯ ಮಗ್ಗುಲಲ್ಲೇ, ಒಣ ಕೆಮ್ಮು. ತಿರುಗಿದರೆ ಬರಿ ಗೋಡೆ. ನೀರಿನಲ್ಲಿ ನನ್ನ ಮುಖವೊಂದೇ. ಆದರೆ ನಾನು ತಲೆ ತಗ್ಗಿಸುವ ಮೊದಲೇ ಅದು ತಗ್ಗುತ್ತಿತ್ತು. ಇದರಲ್ಲಿ ಮಾತ್ರ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ನವೆಂಬರ್ ಒಂದು, ಐವತ್ತಾರನೆಯ ಇಸವಿ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಊರಿಗೆಲ್ಲ ಸಾರಬೇಕೆಂದು ಹುಕುಂ ಬಂತು. ರೂಢಿಯಂತೆ ಡಂಗುರ ಶುರುವಾಗುವುದು ವಾಡೆಯ ಬಾಗಿಲಿನಿಂದ. ಚಾವಡಿಯ ಹಾವಗೆಪ್ಪ ಹುಕುಮಿನ ಕಾಗದ ಹಿಡಿದು ಬಂದಿದ್ದ.

"ಬೀಗ ಹಾಕಿದ ಬಾಗಲಿಗಿ ಏನ ಹೇಳ್ತಿಯೋ ಪಂಢರಿ? ಚೌಕಿನಿಂದ ಶುರು ಮಾಡು."

"ಇಲ್ಲರಿ, ಅಲ್ಲಿಂದೇ ಮಾಡ್ತೇನಿ."

ಕಾಂತಾಳನ್ನೂ ಕರೆದುಕೊಂಡೆ. ಅವಳಿಗೆ ಕಾಣುವಂತೆ ನೆಟ್ಟಗೆ ನಿಲ್ಲಬೇಕಿತ್ತು. ಇವತ್ತು ಬಗ್ಗಿದೆನೋ, ಆ ಎಳೆ ಬೆನ್ನು ಬದುಕಿಡೀ ಬಗ್ಗುತ್ತದೆ.

ಬಿಸಿಲು ನೆತ್ತಿಯ ಮೇಲಿತ್ತು. ನನ್ನ ಹಿಂದೆ ಹತ್ತು ಸಾವಿರ ಜನ. ಆಯಿತಪ್ಪ, ಹನ್ನೆರಡು ಜನ. ಚಪ್ಪಲಿ ಮೆಟ್ಟಿಕೊಂಡೇ ಬಾಗಿಲ ಮುಂದೆ ನಿಂತೆ. ಸೊಂಟದೊಳಗಿಂದ ಯಾರೋ ಹಗ್ಗ ಜಗ್ಗಿದಂತಾಯಿತು. 'ನನ್ನ ಬೆನ್ನ ನಂದು' ಎಂದು ಒಳಗೊಳಗೇ ಅಂದೆ. ಬೆನ್ನು ಕೇಳಲಿಲ್ಲ, ಬಗ್ಗತೊಡಗಿತು. ಕಾಂತಾ ನನ್ನನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯೂ ತಗ್ಗುತ್ತಿತ್ತು.

ಕೊರಳಲ್ಲಿ ತೂಗುತ್ತಿದ್ದ ಡಂಗುರದ ಹಲಗೆಗೆ ಬಡಿದೆ. ಒಳಗೆ ಅಂದದ್ದನ್ನು ಬೀದಿಗೆ ಹಾಕಿದೆ.

"ಕೇಳ್ರಪ್ಪೋ ಕೇಳ್ರಿ! ಇವತ್ತಿಂದ ನಾವು ಮೈಸೂರ ರಾಜ್ಯದವ್ರು! ಪಂಢರಿ ಬೆನ್ನ ಪಂಢರಿದು! ಕಾಂತಾನ ಬೆನ್ನ ಕಾಂತಾಂದು! ನಾವು ಬಗ್ಗಾವ್ರಲ್ಲ!"

ಜನ ಮುಖ ಮುಖ ನೋಡಿಕೊಂಡರು. ಹಾವಗೆಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಹುಕುಮಿನ್ಯಾಗ ಇದ ಎಲ್ಲಿ ಅದನೋ?" ಎಂದ. ನಾನು ನೆಟ್ಟಗೆ ನಿಂತಿದ್ದೆ. ಕಾಂತಾಳೂ.

ಆಗ ಬಂತು. ಬೀಗದ ಹಿಂದಿನಿಂದ, ಒಮ್ಮೆ, ನಿಧಾನವಾಗಿ. ನನ್ನ ತಲೆಯೊಳಗಿನದು, ಅಷ್ಟೇ, ಅಂದುಕೊಂಡೆ. ಮಗಳು ಧೋತರ ಜಗ್ಗಿದಳು.

"ಅಪ್ಪಾ, ಒಳಗ ಯಾರೋ ಕೆಮ್ಮಲತ್ತಾರ."

ಆ ಹನ್ನೆರಡು ಜನರಲ್ಲಿ ಯಾರಿಗೂ ಕೇಳಿರಲಿಲ್ಲ. ಓಡೋಣವೆನ್ನಿಸಿತು; ಬಗ್ಗೋಣ ಎನ್ನಿಸಲಿಲ್ಲ.

ನಾನು ಹಿಡಿಯುವಷ್ಟರಲ್ಲಿ ಅವಳು ಬಾಗಿಲ ಸಂದಿಗೆ ಬಾಯಿಟ್ಟು, "ಬಿಸಿನೀರ ಕುಡೀರಿ!" ಎಂದು ಒದರಿ ಬಂದಳು.

ಮುಂದಿನ ಓಣಿಗೆ ಹೊರಟೆವು. ಅವಳು ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ, ಎರಡು ಸಲ, ನೆಟ್ಟಗೆ ನಿಂತುಕೊಂಡೇ.